ವರ್ತನೆ ಹೂವೋ, ದೇವಸ್ಥಾನದ ರಸ್ತೆಯ ಮಳಿಗೆಯೋ?

ಓದುಗರ ಪತ್ರ: ಐದು ವರ್ಷದಿಂದ ಮನೆಯಲ್ಲೇ ಹೂ ಕಟ್ಟಿ ನಲವತ್ತು ಮನೆಗಳಿಗೆ ವರ್ತನೆ (ದಿನಾ ಹೂ ಹಾಕಿ, ಹಣ ತಿಂಗಳಿಗೊಮ್ಮೆ) ಕೊಡುತ್ತಿದ್ದೇನೆ. ಹಬ್ಬಕ್ಕೆ ಹಾರದ ಆರ್ಡರೂ ಬರುತ್ತವೆ. ಈಗ ದೇವಸ್ಥಾನದ ರಸ್ತೆಯಲ್ಲಿ ಮಳಿಗೆಯೊಂದು ಖಾಲಿಯಾಗಿದೆ. ಬಾಡಿಗೆ 9,000, ಅಡ್ವಾನ್ಸ್ ಒಂದು ಲಕ್ಷ. ಹಿಡಿಯಲೇ, ಮನೆಯಲ್ಲೇ ಮುಂದುವರಿಯಲೇ?
– ಒಬ್ಬ ಓದುಗರು, ತುಮಕೂರು

ಸಂಪಾದಕರ ಉತ್ತರ:

ಅಡ್ವಾನ್ಸ್ ಈಗಲೇ ಕೊಡಬೇಡಿ. ಬಾಡಿಗೆ ಜಾಸ್ತಿ ಅಂತಲ್ಲ. ಅಂಗಡಿಯಲ್ಲಿ ನಿಮ್ಮ ಕೈ ಕಚ್ಚುವುದು ರಾತ್ರಿ ಒಂಬತ್ತಕ್ಕೆ ಬುಟ್ಟಿಯಲ್ಲಿ ಉಳಿಯುವ ಕಟ್ಟಿದ ಹೂವು.

ಲೆಕ್ಕ ಹಾಕೋಣ. ಒಂದು ಮೊಳ ಮಲ್ಲಿಗೆಯನ್ನು 30 ರೂಪಾಯಿಗೆ ಮಾರುತ್ತೀರಿ, ಹೂವು, ನಾರು, ಕಟ್ಟುವ ಕೂಲಿ ಸೇರಿ ನಿಮಗೆ 20 ಬೀಳುತ್ತದೆ ಎಂದಿಟ್ಟುಕೊಳ್ಳಿ. ಉಳಿಯುವುದು 10. ಬಾಡಿಗೆ 9,000, ಅರ್ಧ ದಿನದ ಸಹಾಯಕರಿಗೆ 7,500, ಕರೆಂಟು ಮತ್ತು ಚಿಲ್ಲರೆ ಖರ್ಚು 1,500. ತಿಂಗಳಿಗೆ 18,000, ಅಂದರೆ ದಿನಕ್ಕೆ 600. ಅಂಗಡಿಯ ಖರ್ಚು ತೀರುವುದಕ್ಕೇ ದಿನಕ್ಕೆ 60 ಮೊಳ ಹೋಗಬೇಕು. ಬುಟ್ಟಿ ತುಂಬಿ ಕಾಣದಿದ್ದರೆ ಗಿರಾಕಿ ನಿಲ್ಲುವುದಿಲ್ಲ, ಹಾಗಾಗಿ ಹೆಚ್ಚಿಗೆ ಕಟ್ಟುತ್ತೀರಿ. ಅದರಲ್ಲಿ 15 ಮೊಳ ಉಳಿದರೆ ಅಸಲೇ 300 ರೂಪಾಯಿ ಹೋಯಿತು. ಅದನ್ನು ತುಂಬಲು ಇನ್ನೂ 30 ಮೊಳ ಮಾರಬೇಕು. ಒಟ್ಟು 90 ಮೊಳ! ವರ್ತನೆಯ ನಲವತ್ತು ಮೊಳವನ್ನು ಇದರಲ್ಲಿ ಸೇರಿಸಬೇಡಿ, ಅದು ಅಂಗಡಿ ಇಲ್ಲದೆಯೂ ಹೋಗುತ್ತಿದೆ. ಮನೆಯಲ್ಲಾದರೆ ಇಂತಿಷ್ಟು ಬೇಕು ಎಂದು ಗೊತ್ತಿದ್ದೇ ಕಟ್ಟುತ್ತೀರಿ. ಅಲ್ಲಿ ಉಳಿಕೆ ಇಲ್ಲವೆಂದೇ ಹೇಳಬಹುದು.

ಇನ್ನೊಂದು ಮಾತು ನಿಮ್ಮ ಪತ್ರದಲ್ಲಿ ಇಲ್ಲ. ದೇವಸ್ಥಾನದ ಬೆಳಗಿನ ವ್ಯಾಪಾರ ಆರರಿಂದ ಒಂಬತ್ತು. ನೀವು ಮನೆಮನೆಗೆ ಹೂ ಹಾಕುವ ಹೊತ್ತೂ ಅದೇ. ಶಟರ್ ಎತ್ತುವವರು ಯಾರು, ವರ್ತನೆಗೆ ಹೋಗುವವರು ಯಾರು? ಮನೆಯಲ್ಲಿ ನಂಬಿಕೆಯ ಎರಡನೇ ಕೈ ಇಲ್ಲದಿದ್ದರೆ ಮೂರೇ ತಿಂಗಳಲ್ಲಿ ವರ್ತನೆ ಮನೆಗಳು ಒಂದೊಂದಾಗಿ ಬಿಟ್ಟುಹೋಗುತ್ತವೆ.

ಹಾಗಂತ ಮನೆ ವ್ಯಾಪಾರದಲ್ಲಿ ತೂತಿಲ್ಲವೆಂದಲ್ಲ. ದೊಡ್ಡ ತೂತು ಶ್ರಾವಣದಲ್ಲಿ. ತಿಂಗಳಿಗೆ ಇಷ್ಟು, ದಿನಕ್ಕೊಂದು ಮೊಳ ಎಂದು ಒಪ್ಪಿಕೊಂಡಿರುತ್ತೀರಿ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಅಂತರಸನಹಳ್ಳಿ ಮಾರುಕಟ್ಟೆಯಲ್ಲಿ ಮಲ್ಲಿಗೆ, ಕನಕಾಂಬರದ ದರ ಏರಿ ಕೂತಿರುತ್ತದೆ, ನೀವು ಮಾತ್ರ ಹಳೇ ದರಕ್ಕೆ ಮೊಳ ಅಳೆಯುತ್ತೀರಿ. ಮುಂದಿನ ತಿಂಗಳಿನಿಂದ ಮೊಳದ ಲೆಕ್ಕ ಬಿಡಿ, ‘ದಿನಕ್ಕೆ ಇಷ್ಟು ರೂಪಾಯಿ ಹೂವು’ ಎಂದು ಮಾತಾಡಿ. ದರ ಏರಿದ ದಿನ ಮೊಳ ಗಿಡ್ಡವಾಗುತ್ತದೆ, ಇಳಿದ ದಿನ ಉದ್ದವಾಗುತ್ತದೆ. ಗೌರಿ–ಗಣೇಶ, ಆಯುಧಪೂಜೆ, ದೀಪಾವಳಿಯ ಹೂವು ವರ್ತನೆಗೆ ಸೇರುವುದಿಲ್ಲ ಎಂದು ಮೊದಲೇ ಹೇಳಿ, ಆ ಆರ್ಡರಿಗೆ ಅರ್ಧ ಹಣ ಮುಂಗಡ ತೆಗೆದುಕೊಳ್ಳಿ. ವರ್ತನೆ ಹಣವನ್ನೂ ತಿಂಗಳ ಕೊನೆಗೆ ಬೇಡ, ಒಂದನೇ ತಾರೀಕಿಗೇ ಕೇಳಿ. ಹೂ ಹಾಕದ ದಿನಕ್ಕೆ ಪುಸ್ತಕದಲ್ಲಿ ಗೀಟು ಹಾಕಿ ಮುಂದಿನ ತಿಂಗಳಲ್ಲಿ ಕಳೆದರಾಯಿತು.

ಮೊಳಕ್ಕೆ ಎಷ್ಟು ಬೀಳುತ್ತದೆ ಎಂಬುದನ್ನು ಅಂದಾಜಿನಲ್ಲಿ ಹೇಳಬೇಡಿ. ಕಾಲು ಕಿಲೋ ಮೊಗ್ಗು ತೂಗಿ, ಎಂದಿನ ಒತ್ತಿನಲ್ಲಿ ಕಟ್ಟಿ, ಎಷ್ಟು ಮೊಳ ಬಂತೆಂದು ಅಳೆಯಿರಿ. ಬೇರೆಯವರ ಮನೆಗೆ ಕೊಟ್ಟು ಕಟ್ಟಿಸುವುದಾದರೆ ಅವರವರ ಕೈಯದನ್ನೂ ಬೇರೆಬೇರೆಯಾಗಿ ಅಳೆಯಿರಿ, ವ್ಯತ್ಯಾಸ ಅಲ್ಲೇ ಸಿಗುತ್ತದೆ. ಕೈಮೊಳ ಒಬ್ಬೊಬ್ಬರದು ಒಂದೊಂದು ಥರ. ಮಣೆಯ ಮೇಲೆ 45 ಸೆಂಟಿಮೀಟರಿಗೆ ಒಂದು ಗುರುತು ಹಾಕಿಟ್ಟುಕೊಂಡರೆ ತಕರಾರಿಲ್ಲ.

ಇನ್ನು ಹೂವು ಕೆಡುವ ವಿಚಾರ. ಮಾರುಕಟ್ಟೆಯಿಂದ ತಂದ ಮೊಗ್ಗಿನ ಗಂಟಿನ ನಡುವೆ ಕೈ ಹಾಕಿ ನೋಡಿ, ಬೆಚ್ಚಗಿರುತ್ತದೆ. ಕಿತ್ತ ಮೇಲೂ ಮೊಗ್ಗು ಉಸಿರಾಡುತ್ತದೆ, ಆ ಶಾಖ ಗಂಟಿನೊಳಗೇ ಕೂತುಬಿಡುತ್ತದೆ. ಬಂದ ತಕ್ಷಣ ಬಿಚ್ಚಿ ನೆರಳಲ್ಲಿ ಒದ್ದೆ ಬಟ್ಟೆಯ ಮೇಲೆ ತೆಳ್ಳಗೆ ಹರಡಿ. ನೀರು ಬಟ್ಟೆಗೆ ಚಿಮುಕಿಸಿ, ಮೊಗ್ಗಿಗೆ ಬೇಡ. ಎಸಳಿನ ಸಂದಿಯಲ್ಲಿ ನಿಂತ ನೀರೇ ಕಂದು ಕಲೆಯಾಗುತ್ತದೆ. ಕಟ್ಟಿದ ಹೂವನ್ನು ಬಾಳೆ ಎಲೆಯಲ್ಲಿ ಸುತ್ತಿ, ಮುಚ್ಚಳವಿರುವ ಡಬ್ಬಿಯಲ್ಲಿಟ್ಟು ಫ್ರಿಜ್ಜಿನ ಕೆಳಗಿನ ಅರೆಯಲ್ಲಿಡಿ, ಹಿಂದಿನ ಗೋಡೆಗೆ ತಾಗಬಾರದು. ಪ್ಲಾಸ್ಟಿಕ್ ಕವರಿನಲ್ಲಿ ಹೂವು ಬೆವೆತು ಕಪ್ಪಾಗುತ್ತದೆ. ಅದೇ ಫ್ರಿಜ್ಜಿನಲ್ಲಿ ಸೇಬು, ಮಾವು, ಬಾಳೆಹಣ್ಣು ಇಡಬೇಡಿ. ಹಣ್ಣು ಬಿಡುವ ಎಥಿಲೀನ್ ಅನಿಲಕ್ಕೆ ಗುಲಾಬಿಯ ಎಸಳು ಬೇಗ ಉದುರುತ್ತದೆ. ಮನೆ ಫ್ರಿಜ್ಜಿನಲ್ಲಿ ಹೂವು ಯಾಕೆ ನಿಲ್ಲುವುದಿಲ್ಲ ಎನ್ನುವವರು ಮೊದಲು ನೋಡಬೇಕಾದದ್ದು ಇದನ್ನು. ಸೇವಂತಿಗೆ ಕೊಳ್ಳುವಾಗ ಮೇಲಿನ ಬಣ್ಣಕ್ಕೆ ಮರುಳಾಗದೆ ಒಂದನ್ನು ತಿರುಗಿಸಿ ತೊಟ್ಟಿನ ಬುಡ ಒತ್ತಿ ನೋಡಿ. ಮಳೆಯಲ್ಲಿ ನೆನೆದದ್ದು ಅಲ್ಲಿಂದಲೇ ಕೊಳೆಯುವುದು.

ಮಳಿಗೆಯ ಆಸೆ ಬಿಡಿ ಎಂದು ನಾವು ಹೇಳುತ್ತಿಲ್ಲ. ಅದೇ ರಸ್ತೆಯಲ್ಲಿ ಯಾವುದಾದರೂ ದಿನಸಿ ಅಂಗಡಿಯ ಮುಂದೆ ಸೋಮವಾರ, ಶುಕ್ರವಾರ ಸಂಜೆ ಐದರಿಂದ ಎಂಟರವರೆಗೆ ಒಂದು ಮೇಜಿಗೆ ದಿನದ ಬಾಡಿಗೆ ಮಾತಾಡಿ. ಕಟ್ಟಿದ್ದೆಷ್ಟು, ಮಾರಿದ್ದೆಷ್ಟು, ಉಳಿದದ್ದೆಷ್ಟು ಎಂದು ಪ್ರತಿ ಸಂಜೆ ಬರೆದಿಡಿ. ಶ್ರಾವಣದ ಅಂಕಿ ನೋಡಿ ತೀರ್ಮಾನ ಮಾಡಬೇಡಿ, ಆಗ ಎಲ್ಲರ ಹೂವೂ ಹೋಗುತ್ತದೆ. ಶುಭಕಾರ್ಯಗಳಿಲ್ಲದ ಪಿತೃಪಕ್ಷದ ಹದಿನೈದು ದಿನ ಹೇಗೆ ನಡೆಯುತ್ತದೆ ನೋಡಿ.

ಆಗಲೂ ಲೆಕ್ಕ ಕೂಡಿಬಂದರೆ ಮಳಿಗೆ ನೋಡಲು ಹೋಗಿ, ಮಧ್ಯಾಹ್ನ ನಾಲ್ಕಕ್ಕೇ ಹೋಗಿ. ಪಶ್ಚಿಮಕ್ಕೆ ಮುಖವಿದ್ದರೆ ಆ ಬಿಸಿಲು ನೇರ ಬುಟ್ಟಿಗೆ ಬೀಳುತ್ತದೆ. ನಲ್ಲಿ ಇದೆಯೇ, ನೀರು ಹರಿದುಹೋಗಲು ದಾರಿ ಇದೆಯೇ, ಮೀಟರು ಬೇರೆಯೇ ಎಂದು ವಿಚಾರಿಸಿ. ಶಟರಿನಿಂದ ಹೊರಗೆ ಫುಟ್‌ಪಾತಿನ ಮೇಲೆ ಇಡುವ ಸ್ಟ್ಯಾಂಡನ್ನು ಪಾಲಿಕೆಯವರು ಯಾವಾಗ ಬೇಕಾದರೂ ಎತ್ತಿಸಬಹುದು, ಆದ್ದರಿಂದ ಒಳಗಿನ ಜಾಗವನ್ನಷ್ಟೇ ನಂಬಿ ಬಾಡಿಗೆ ಚೌಕಾಸಿ ಮಾಡಿ. ಹೂವಿನ ಜೊತೆ ತೆಂಗಿನಕಾಯಿ, ಕರ್ಪೂರ, ಊದುಬತ್ತಿ ಇಡಿ. ಬಾಡದ ಸರಕು ಒಂದಿಷ್ಟಿದ್ದರೆ ಬಾಡಿಗೆಯ ಭಾರ ಇಳಿಯುತ್ತದೆ. ಪಾಲಿಕೆಯ ಟ್ರೇಡ್ ಲೈಸೆನ್ಸ್ ಮತ್ತು ಕಾರ್ಮಿಕ ಇಲಾಖೆಯ ಅಂಗಡಿ ನೋಂದಣಿ ಮಾಡಿಸಿಕೊಳ್ಳಿ. ಕರಾರುಪತ್ರದಲ್ಲಿ, ಖಾಲಿ ಮಾಡಿದ ಎಷ್ಟು ದಿನದೊಳಗೆ ಅಡ್ವಾನ್ಸ್ ವಾಪಸು ಕೊಡುತ್ತಾರೆ, ಬಣ್ಣ–ರಿಪೇರಿಗೆ ಎಷ್ಟು ಹಿಡಿಯುತ್ತಾರೆ ಎಂಬ ಎರಡು ಸಾಲು ಬರೆಯಿಸಿಯೇ ಸಹಿ ಹಾಕಿ.