ನೆಲದಲ್ಲಿ ಹೂತ ಒರಳುಕಲ್ಲನ್ನು ತೆಗೆಯುವುದು ಹೇಗೆ?

ಪ್ರಶ್ನೆ: ಮೈಸೂರಿನಲ್ಲಿ 1980ರ ದಶಕದ ಒಂದು ಹಳೇ ಮನೆ ಕೊಂಡಿದ್ದೇವೆ. ಕೆಳಗಿನ ಮನೆ, ಅಡುಗೆಮನೆಗೆ ಮೊಸಾಯಿಕ್ ಟೈಲ್ಸ್. ಮೂಲೆಯಲ್ಲಿ ಚೌಕದ ಒರಳುಕಲ್ಲನ್ನು ನೆಲದಲ್ಲೇ ಹೂತಿದ್ದಾರೆ. ನಾಲ್ಕು ಇಂಚು ಮೇಲೆ ಕಾಣುತ್ತದೆ. ಈಗ ಅದರಲ್ಲಿ ಯಾರೂ ರುಬ್ಬುವುದಿಲ್ಲ, ಅತ್ತೆ ಎರಡು ಸಲ ಎಡವಿದ್ದಾರೆ. ಅಲ್ಲಿ ಫ್ರಿಜ್ ಇಡೋಣ ಅಂತ ಆಸೆ. ಮೇಸ್ತ್ರಿ ‘ಬ್ರೇಕರ್ ತಂದು ಒಡೆದುಬಿಡೋಣ, ಅರ್ಧ ದಿನದ ಕೆಲಸ’ ಅಂತಾರೆ. ಸುತ್ತಲಿನ ಟೈಲ್ಸ್ ಉಳಿಯುತ್ತದಾ?

ಉತ್ತರ: ಬ್ರೇಕರ್ ಬೇಡ. ಕಲ್ಲು, ಗಾರೆ, ಟೈಲ್ಸ್ ಎಲ್ಲ ಒಂದಕ್ಕೊಂದು ಕಚ್ಚಿಕೊಂಡು ಕೂತಿವೆ. ಕಲ್ಲಿಗೆ ಬಿದ್ದ ಪೆಟ್ಟು ಮೂರು ಟೈಲ್ಸ್ ಆಚೆಗೂ ಹೋಗುತ್ತದೆ. ಅವತ್ತು ಏನೂ ಕಾಣುವುದಿಲ್ಲ. ಆಮೇಲೆ ಒಂದೊಂದೇ ಟೊಳ್ಳು ಸದ್ದು ಮಾಡಲು ಶುರುವಾಗುತ್ತವೆ.

ಮೊದಲು ಕಲ್ಲಿಗೂ ನೆಲಕ್ಕೂ ಸಂಬಂಧ ಕಡಿಯಬೇಕು. ಕಲ್ಲಿಗೆ ತಾಗಿದ ಟೈಲ್ಸ್ ಹೇಗೂ ಕತ್ತರಿಸಿದ ತುಂಡುಗಳು, ಅವು ಹೋದರೆ ಹೋಗಲಿ. ಅವುಗಳ ಆಚೆಯ ಸಂದಿಯಲ್ಲಿ ಡೈಮಂಡ್ ಬ್ಲೇಡ್ ಹಾಕಿದ ಕಟಿಂಗ್ ಮೆಷಿನ್ ಓಡಿಸಿ, ಸುತ್ತಲೂ ಒಂದಿಂಚು ಆಳಕ್ಕೆ ಗೆರೆ ಕೊಯ್ಯಿಸಿ. ಆ ಕಾಲದ ಮೊಸಾಯಿಕ್ ಸುಮಾರು ಮುಕ್ಕಾಲು ಇಂಚು ದಪ್ಪ ಇರುತ್ತದೆ, ಹಾಗಾಗಿ ಅಷ್ಟು ಸಾಕು. ಇನ್ನು ಉಳಿ, ಸುತ್ತಿಗೆ ಹಿಡಿದು ಗೆರೆಯ ಒಳಗಿನದನ್ನು ಮಾತ್ರ ಬಿಡಿಸುವುದು. ದೂಳು ವಿಪರೀತ ಏಳುತ್ತದೆ, ಶ್ವಾಸಕೋಶಕ್ಕೆ ಕೆಟ್ಟದ್ದು. ಮಾಸ್ಕ್, ಕನ್ನಡಕ ಇಲ್ಲದೆ ಯಾರನ್ನೂ ಕೂರಿಸಬೇಡಿ. ಅಕ್ಕಿ ಡಬ್ಬ ಮೊದಲೇ ಹೊರಗೆ ಸಾಗಿಸಿ.

ಈಗ ಕಲ್ಲು. ಹದಿನಾರು ಇಂಚು ಚೌಕ, ಹದಿನಾಲ್ಕು ಇಂಚು ಎತ್ತರದ ಗ್ರಾನೈಟ್ ಅಂದರೆ, ಗುಂಡಿ ಕಳೆದರೂ 130 ಕೆಜಿ ದಾಟುತ್ತದೆ. ‘ನಾಲ್ಕು ಜನ ಸೇರಿ ಎತ್ತೋಣ’ ಅನ್ನುವವರ ಮಾತು ಕೇಳಬೇಡಿ, ಸೊಂಟ ಹೋಗುವುದು ಹೀಗೇ. ಸುತ್ತ ಅರ್ಧ ಅಡಿ ಮಣ್ಣು ಬಿಡಿಸಿ. ಒಂದು ಪಕ್ಕಕ್ಕೆ ಹಾರೆ ಕೊಟ್ಟು ಎರಡಿಂಚು ಮೀಟಿ, ಅಡಿಗೆ ಇಟ್ಟಿಗೆ ಚೂರು, ಮಣ್ಣು ತುರುಕಿ. ಆಮೇಲೆ ಎದುರು ಪಕ್ಕ ಮೀಟಿ. ಹೀಗೆ ಆ ಕಡೆ ಈ ಕಡೆ ಮಾಡುತ್ತಾ ಹೋದರೆ ಕಲ್ಲು ತಾನಾಗೇ ಮೇಲೆ ಬರುತ್ತದೆ. ಕೈಯನ್ನು ಮಾತ್ರ ಅಡಿಗೆ ಹಾಕಬೇಡಿ, ಕೋಲಿನಿಂದ ತಳ್ಳಿ. ನೆಲದ ಮಟ್ಟಕ್ಕೆ ಬಂದ ಮೇಲೆ ಗೋಣಿಚೀಲ, ಅದರ ಮೇಲೆ ಪ್ಲೈವುಡ್ ಹಾಸಿ ಅಂಗಳಕ್ಕೆ ಉರುಳಿಸಿ. ಒಡೆಯದೆ ಬಂದ ಕಲ್ಲು ಹಿತ್ತಲಲ್ಲಿ ಹಕ್ಕಿಗಳಿಗೆ ನೀರಿಡಲು ಚೆನ್ನಾಗಿರುತ್ತದೆ. ಗುಂಡನ್ನು ಕೇಳಿಕೊಂಡು ಬರುವ ನೆಂಟರು ಇದ್ದೇ ಇರುತ್ತಾರೆ!

ಕೆಲಸ ಕೆಡುವುದು ಇದಾದ ಮೇಲೆ. ಉಳಿದ ಗುಂಡಿಗೆ ಒಡೆದ ಚೂರು, ಕಸ ಎಲ್ಲ ಸುರಿದು ಮೇಲೆ ಟೈಲ್ಸ್ ಕೂರಿಸಿದರೆ ಎರಡು ಮಳೆಗಾಲದೊಳಗೆ ನೆಲ ತಗ್ಗುತ್ತದೆ. ಫ್ರಿಜ್ ಭಾರ ಬೇರೆ! ಕಲ್ಲು ಎತ್ತಲು ತುರುಕಿದ್ದನ್ನೂ ತೆಗೆಸಿಬಿಡಿ. ಮಣ್ಣನ್ನು ಆರಾರು ಇಂಚಿನಂತೆ ತುಂಬಿ, ನೀರು ಚಿಮುಕಿಸಿ, ಪ್ರತಿ ಸಲವೂ ಕುಟ್ಟಿ ಕೂರಿಸಬೇಕು. ಮೇಲೆ ಮೂರಿಂಚು ಜಲ್ಲಿ ಕಾಂಕ್ರೀಟ್, ಸಿಮೆಂಟ್, ಮರಳು, ಜಲ್ಲಿ 1:4:8 ಪ್ರಮಾಣದಲ್ಲಿದ್ದರೆ ಸಾಕು. ಒಂದು ವಾರ ಒದ್ದೆ ಮಾಡುತ್ತಿರಿ. ಹತ್ತಿರ ಹಳೇ ಮೋರಿಯ ಪೈಪ್ ಇದ್ದರೆ ಗುಂಡಿ ಮುಚ್ಚುವ ಮೊದಲೇ ನೀರು ಬಿಟ್ಟು ನೋಡಿ.

ಟೈಲ್ಸ್ ಹೊಂದುವುದಿಲ್ಲ ಅನ್ನುವ ಚಿಂತೆಯೂ ಇರುತ್ತದೆ ಅಲ್ವಾ? ಅಂಗಡಿಯಲ್ಲಿ ಹುಡುಕಿ ಸುಸ್ತಾಗಬೇಡಿ. ಗ್ಯಾಸ್ ಕಟ್ಟೆಯ ಕೆಳಗೆ ಅದೇ ಟೈಲ್ಸ್ ಇದ್ದರೆ ಅವನ್ನು ಹುಷಾರಾಗಿ ಎಬ್ಬಿಸಿ ಇಲ್ಲಿಗೆ ಹಾಕಿ, ಅಲ್ಲಿಗೆ ಹೊಸದು ಯಾವುದಾದರೂ ಹಾಕಿಸಿ. ಒಂದೆರಡು ಒಡೆಯುತ್ತವೆ, ಅದಕ್ಕೆ ಸ್ವಲ್ಪ ಜಾಸ್ತಿ ಎಬ್ಬಿಸಿ. ಮೊಸಾಯಿಕ್‌ನ ಇನ್ನೊಂದು ಅನುಕೂಲ ಅಂದರೆ ಪಾಲಿಶ್. ತೇಪೆ ಹಾಕಿದ ಜಾಗವನ್ನಷ್ಟೇ ಉಜ್ಜಿಸಿದರೆ ಅಲ್ಲಿ ತಗ್ಗಾಗುತ್ತದೆ. ಹತ್ತು ದಿನ ಬಿಟ್ಟು ಇಡೀ ಅಡುಗೆಮನೆಗೇ ಮೆಷಿನ್ ಪಾಲಿಶ್ ಹಾಕಿಸಿ. ಫ್ರಿಜ್ ಅದಾದ ಮೇಲೆ ತನ್ನಿ.