ಬಡ್ತಿಗೆ ಸೇವಾವಧಿಯೊಂದೇ ಸಾಕೆ?

ಪ್ರಶ್ನೆ: ಹಾವೇರಿಯ ಸರ್ಕಾರಿ ಕಚೇರಿಯೊಂದರಲ್ಲಿ 8 ವರ್ಷಗಳಿಂದ ದ್ವಿತೀಯ ದರ್ಜೆ ಸಹಾಯಕಿಯಾಗಿದ್ದೇನೆ. ನನಗಿಂತ ಕಿರಿಯರಿಗೆ ಬಡ್ತಿ ಸಿಕ್ಕಿದೆ. ನಾನೇನು ಮಾಡಬೇಕು?

ಉತ್ತರ: ನಿಮ್ಮ ನೋವು ಸಹಜವಾದದ್ದೇ. ಬಡ್ತಿಗೆ ಸೇವಾವಧಿಯೊಂದೇ ಸಾಲದು, ಇಲಾಖಾ ಪರೀಕ್ಷೆಗಳ ತೇರ್ಗಡೆಯೂ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಮೇಲಧಿಕಾರಿಗಳಿಗೆ ದೂರು ಕೊಡುವ ಮೊದಲು, ನಿಮ್ಮ ನೌಕರಿಯ ವಿವರಗಳನ್ನು ಬರೆದಿಡುವ ಸೇವಾ ಪುಸ್ತಕವನ್ನು ಕೇಳಿ ಪಡೆದು, ನಿಮ್ಮ ಹುದ್ದೆಗೆ ನಿಗದಿಯಾದ, ಲೋಕಸೇವಾ ಆಯೋಗ ನಡೆಸುವ ಇಲಾಖಾ ಪರೀಕ್ಷೆಗಳಲ್ಲಿ ನೀವು ತೇರ್ಗಡೆಯಾದದ್ದು ನಮೂದಾಗಿದೆಯೇ, ಅದರ ಕೆಳಗೆ ಅಧಿಕಾರಿಯ ಸಹಿ ಬಿದ್ದಿದೆಯೇ ಎಂದು ಪುಟ ತಿರುವಿ ನೋಡಿರಿ. ತೇರ್ಗಡೆಯಾಗಿಯೂ ನಮೂದಾಗದೆ ಹಿಂದುಳಿದವರನ್ನು ಕಂಡಿದ್ದೇನೆ. 1957ರ ಜ್ಯೇಷ್ಠತಾ ನಿಯಮಗಳಂತೆ ಸಿದ್ಧವಾಗುವ ಜ್ಯೇಷ್ಠತಾ ಪಟ್ಟಿಯ (ನೌಕರರ ಹಿರಿತನದ ಪಟ್ಟಿಯ) ಕರಡು ಪ್ರಕಟವಾದಾಗ ನಿಮ್ಮ ಸೇವಾ ದಿನಾಂಕಗಳನ್ನು ಪರಿಶೀಲಿಸಿ, ತಪ್ಪಿದ್ದರೆ ಅವಧಿಯೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸಿ ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ಭರವಸೆ ನೆಚ್ಚಿ ಕೂರಬೇಡಿರಿ. ಕಿರಿಯರ ಬಡ್ತಿ ಮೀಸಲಾತಿ ಬಿಂದುವಿನಲ್ಲಿ, ಅಂದರೆ ಮೀಸಲು ವರ್ಗಕ್ಕೆ ಕಾದಿರಿಸಿದ ಸರದಿಯಲ್ಲಿ, ಆಗಿರಲೂಬಹುದು, ಅದನ್ನೂ ವಿಚಾರಿಸಿರಿ.