ಟೆನ್ಷನ್ ಮಾತ್ರೆಯಿಂದ ರೋಗನಿರೋಧಕ ಶಕ್ತಿ ಕಡಿಮೆ ಆಗುತ್ತಾ?

ಆತಂಕ ತಗ್ಗಿಸಲು ಕೊಡುವ ಅಲ್ಪ್ರಾಜೋಲಮ್ ಶುರು ಮಾಡಿದ ಮೇಲೆ ಪದೇ ಪದೇ ನೆಗಡಿ ಬರುತ್ತಿದೆ, ಮಾತ್ರೆಯೇ ಕಾರಣವಾ ಅಂತ ಕೇಳಿದ್ದೀರಿ. ಕೋಲಾರದಲ್ಲಿ ಮೆಡಿಕಲ್ ಸ್ಟೋರ್ ಇಟ್ಟುಕೊಂಡಿದ್ದೇನೆ. ಟೊಮೆಟೊ ರೇಟು ಬಿದ್ದಾಗ ಇಂಥ ಪ್ರಶ್ನೆಗಳು ನಮ್ಮ ಅಂಗಡಿಗೂ ಬರುತ್ತವೆ.

ಮಂಡಿಯಲ್ಲಿ 15 ಕೆಜಿ ಬಾಕ್ಸಿಗೆ ಕೊಯ್ಲಿನ ಕೂಲಿಯೂ ಹುಟ್ಟದ ದಿನ, ರೈತನ ಮೆದುಳಿನಿಂದ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗೆ ಸುದ್ದಿ ಹೋಗುತ್ತದೆ. ಅಲ್ಲಿಂದ ಹೊರಡುವ ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಏರುತ್ತದೆ. ಏರಿ ಇಳಿದರೆ ತೊಂದರೆಯಿಲ್ಲ. ತಿಂಗಳುಗಟ್ಟಲೆ ಟೆನ್ಷನ್ ಬಿಡದಿದ್ದರೆ ಸೋಂಕಿನ ಜೊತೆ ಹೋರಾಡುವ ಬಿಳಿ ರಕ್ತಕಣಗಳು ಮಂಕಾಗುತ್ತವೆ. ಉಬ್ಬಸಕ್ಕೆ ಕೊಡುವ ಪ್ರೆಡ್ನಿಸೊಲೋನ್ ಕೂಡ ಕಾರ್ಟಿಸಾಲ್ ಜಾತಿಯದ್ದೇ. ರೋಗನಿರೋಧಕ ಶಕ್ತಿಯ ಅಬ್ಬರ ತಗ್ಗಿಸಲೆಂದೇ ಅದನ್ನು ಕೊಡುವುದು, ಅಲ್ವಾ? ಬ್ರಿಟನ್ನಿನಲ್ಲಿ ಮನಶ್ಶಾಸ್ತ್ರಜ್ಞ ಶೆಲ್ಡನ್ ಕೋಹೆನ್ ತಂಡ 394 ಆರೋಗ್ಯವಂತರ ಮೂಗಿಗೆ ವೈರಸ್ ಇದ್ದ ಹನಿ ಬಿಟ್ಟು ನೋಡಿತ್ತು. ಒತ್ತಡ ಜಾಸ್ತಿ ಇದ್ದವರಲ್ಲೇ ನೆಗಡಿ ಜಾಸ್ತಿ. ವರದಿ ಬಂದದ್ದು 1991ರಲ್ಲಿ.

ಅಂದರೆ ನೆಗಡಿಗೆ ಮಾತ್ರೆಗಿಂತ ಮೊದಲು ಆತಂಕವನ್ನೇ ಅನುಮಾನಿಸಬೇಕು. ಅಲ್ಪ್ರಾಜೋಲಮ್ ಮೆದುಳಿನಲ್ಲಿ ಗಾಬಾ ಎಂಬ ರಾಸಾಯನಿಕಕ್ಕೆ ಬಲ ಕೊಡುತ್ತದೆ. ಮನಸ್ಸು ತಣ್ಣಗಾಗುತ್ತದೆ, ಅಡ್ರಿನಲ್‌ಗೆ ಹೋಗುವ ಕರೆಯೂ ತಗ್ಗುತ್ತದೆ. ಒತ್ತಡಕ್ಕೆ ಸಿಕ್ಕಿಸಿದ ಇಲಿಗಳಿಗೆ ಇದನ್ನು ಕೊಟ್ಟಾಗ, ಕುಗ್ಗಿದ್ದ ನಿರೋಧಕ ಶಕ್ತಿ ಒಂದಷ್ಟು ಚೇತರಿಸಿಕೊಂಡದ್ದೂ ಉಂಟು. ಹಾಗಂತ ಇದು ಇಮ್ಯುನಿಟಿ ಮಾತ್ರೆ ಅಲ್ಲ. ಇದೇ ಗುಂಪಿನ ಮಾತ್ರೆ ನುಂಗುವವರಲ್ಲಿ ನ್ಯುಮೋನಿಯಾ ಜಾಸ್ತಿ ಕಂಡ ಅಧ್ಯಯನಗಳೂ ಇವೆ. ಮಂಪರಿನಲ್ಲಿ ಎಂಜಲು ಶ್ವಾಸಕೋಶಕ್ಕೆ ಇಳಿಯುವುದೂ ಅದಕ್ಕೊಂದು ಕಾರಣ ಇರಬಹುದು. ವಯಸ್ಸಾದವರು ಹುಷಾರಾಗಿರಬೇಕು.

ನಾನಾದರೆ ನಿಮ್ಮನ್ನು ಮೊದಲು ಬೇರೆಯೇ ಕೇಳುತ್ತಿದ್ದೆ. ಮೈಕೈ ನೋವಿಗೆ ಅಂತ ಹೆಸರಿಲ್ಲದ ಪೊಟ್ಟಣದ ಮಾತ್ರೆ ನುಂಗುತ್ತಿದ್ದೀರಾ? ಅಂಥದ್ದರಲ್ಲಿ ಡೆಕ್ಸಾಮೆಥಸೋನ್ ಇರುವುದುಂಟು. ಅದೂ ಪ್ರೆಡ್ನಿಸೊಲೋನ್ ಥರದ ಸ್ಟೀರಾಯ್ಡ್. ದಿನಾ ಹೊಟ್ಟೆಗೆ ಹೋದರೆ ನಿರೋಧಕ ಶಕ್ತಿಗೆ ಅದೇ ದೊಡ್ಡ ಪೆಟ್ಟು. ಶುಗರ್ ಇದ್ದರೂ ಸೋಂಕು ಸುಮ್ನೆ ಬಿಡುವುದಿಲ್ಲ.

ಹೆದರಿ ಅಲ್ಪ್ರಾಜೋಲಮ್ ಮಾತ್ರ ಥಟ್ಟನೆ ನಿಲ್ಲಿಸಬೇಡಿ. ದಿನಾ ತಗೊಳ್ಳುವವರು ಹಾಗೆ ಬಿಟ್ಟರೆ ಆತಂಕ ಮೊದಲಿಗಿಂತ ಜೋರಾಗಿ ವಾಪಸ್ ಬರಬಹುದು. ಫಿಟ್ಸ್ ಬರುವ ಅಪಾಯವೂ ಇದೆ. ಬರೆದುಕೊಟ್ಟ ಡಾಕ್ಟರೇ ಸ್ವಲ್ಪ ಸ್ವಲ್ಪ ಇಳಿಸಬೇಕು. ಖಾಲಿ ಸ್ಟ್ರಿಪ್ ತೋರಿಸಿ ‘ಇದೇ ಕೊಡಿ ಅಣ್ಣಾ’ ಅನ್ನುವವರು ನಮ್ಮಲ್ಲಿ ಬಹಳ. ಇದು ಔಷಧ ನಿಯಮದಲ್ಲಿ ಶೆಡ್ಯೂಲ್ ಎಚ್1 ಎಂಬ ಬಿಗಿ ಪಟ್ಟಿಗೆ ಸೇರಿದ ಮಾತ್ರೆ, ಚೀಟಿ ಇಲ್ಲದೆ ಕೊಡುವಂತಿಲ್ಲ. ಕೊಟ್ಟದ್ದನ್ನು ಬರೆದ ರಿಜಿಸ್ಟರನ್ನು 3 ವರ್ಷ ಇಟ್ಟುಕೊಳ್ಳಬೇಕು.

ಡಾಕ್ಟರ್ ಹತ್ತಿರ ಹೋಗುವಾಗ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಕವರಿಗೆ ಹಾಕಿಕೊಂಡು ಹೋಗಿ, ಪೊಟ್ಟಣದವೂ ಸೇರಿ.